ಕಾಯಿಲೆಯ ಹೆಸರಿಗೆ ಅಂಕವಿಲ್ಲ: ಹಲವು ಕಾಯಿಲೆ ಒಟ್ಟಿಗಿರುವವರು ಅಂಗವಿಕಲ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಹೇಗೆ

(ದೀರ್ಘಕಾಲದ ಕಾಯಿಲೆ ಇರುವವರಿಗೆ ಮತ್ತು ಅವರ ಮನೆಯವರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ತುಂಬ ಹೊತ್ತು ಕೂರಲು ಆಗದವರು ನಡುವೆ ಎದ್ದು ಓಡಾಡಿ, ಗೋಡೆಗೆ ಒರಗಿ ನಿಲ್ಲಿ, ಹೊರಗೆ ಹೋಗಿ ಬನ್ನಿ. ಇಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಅಂಗವೈಕಲ್ಯ ಅಳೆಯುವ ವೈದ್ಯರ ತಂಡ, ಅಂದರೆ ಮೆಡಿಕಲ್ ಬೋರ್ಡ್, ಕೂರುವ ದಿನ ಸಾಲಿನಲ್ಲಿ ನಿಂತರೆ ಒಂದೇ ಬಗೆಯ ಮಾತುಕತೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ವೈದ್ಯರು "ಏನಮ್ಮ ತೊಂದರೆ?" ಎನ್ನುತ್ತಾರೆ. "ಶುಗರ್ ಇದೆ ಸಾರ್, ಹದಿನೆಂಟು ವರ್ಷದಿಂದ. ಬಿಪಿನೂ ಇದೆ. ಕಿಡ್ನಿ ವೀಕಾಗಿದೆ ಅಂದಿದ್ದಾರೆ. ಒಂದು ಸ್ಟೆಂಟ್ ಹಾಕಿದ್ದಾರೆ. ಮಂಡಿನೋವು ಬೇರೆ." ವೈದ್ಯರು ದಪ್ಪ ಫೈಲಿನ ನಾಲ್ಕು ಹಾಳೆ ತಿರುವಿ, "ಇದಕ್ಕೆಲ್ಲ ಸರ್ಟಿಫಿಕೇಟ್ ಬರಲ್ಲಮ್ಮ" ಎನ್ನುತ್ತಾರೆ. ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅದೇ ಹೆಂಗಸು "ಬಲ ಪಾದದ ಐದೂ ಬೆರಳು ತೆಗೆದಿದ್ದಾರೆ, ಎಡಗಣ್ಣು ಪೂರ್ತಿ ಹೋಗಿದೆ" ಎಂದಿದ್ದರೆ ವೈದ್ಯರು ಚಪ್ಪಲಿ ಬಿಚ್ಚಲು ಹೇಳುತ್ತಿದ್ದರು, ಕಣ್ಣಿನ ವಿಭಾಗಕ್ಕೆ ಚೀಟಿ ಬರೆಯುತ್ತಿದ್ದರು. ದೇಹ ಅದೇ, ಫೈಲೂ ಅದೇ. ಬೋರ್ಡಿಗೆ ಬೇಕಾಗಿದ್ದ ಮಾತು ಮಾತ್ರ ಹೊರಗೆ ಬರಲಿಲ್ಲ.

ನಾನು ಈ ಹೊತ್ತು ಹೇಳಬೇಕೆಂದಿರುವುದು ಇದರ ಬಗ್ಗೆಯೇ. ಈ ವ್ಯವಸ್ಥೆ ಕಾಯಿಲೆಯ ಹೆಸರಿಗೆ ಅಂಕ ಕೊಡುವುದಿಲ್ಲ. ಕಾಯಿಲೆ ನಿಮ್ಮ ದೇಹದಿಂದ ಏನನ್ನು ಕಿತ್ತುಕೊಂಡಿದೆ ಎಂಬುದಕ್ಕೆ ಅಂಕ ಕೊಡುತ್ತದೆ. ಕೇಂದ್ರ ಸರ್ಕಾರದ ಮೌಲ್ಯಮಾಪನ ಮಾರ್ಗಸೂಚಿ ನರಸಂಬಂಧಿ ಕಾಯಿಲೆಗಳ ವಿಷಯದಲ್ಲಿ ಇದನ್ನು ನೇರವಾಗಿಯೇ ಹೇಳುತ್ತದೆ: ಅಳೆಯಬೇಕಾದದ್ದು ರೋಗವನ್ನಲ್ಲ, ಅದರ ಪರಿಣಾಮವನ್ನು. ಹಲವು ಕಾಯಿಲೆ ಒಟ್ಟಿಗಿರುವವರು ಎಡವುವುದು ಇಲ್ಲಿಯೇ. ಅವರ ಹತ್ತಿರ ಹೇಳಲು ಹೆಸರುಗಳು ಬಹಳ ಇರುತ್ತವೆ, ಆ ಗದ್ದಲದಲ್ಲಿ ಪರಿಣಾಮ ಮುಚ್ಚಿಹೋಗುತ್ತದೆ.

ಪಟ್ಟಿಯಲ್ಲಿ ಏನಿದೆ, ಏನಿಲ್ಲ

ಈಗ ಜಾರಿಯಲ್ಲಿರುವುದು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಅದು 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಚಲನವಲನದ ವೈಕಲ್ಯ, ಕುಷ್ಠದಿಂದ ಗುಣವಾದವರು, ಸೆರೆಬ್ರಲ್ ಪಾಲ್ಸಿ, ಕುಬ್ಜತೆ, ಮಸ್ಕ್ಯುಲರ್ ಡಿಸ್ಟ್ರೋಫಿ, ಆ್ಯಸಿಡ್ ದಾಳಿಗೆ ಒಳಗಾದವರು, ಅಂಧತ್ವ, ಮಂದದೃಷ್ಟಿ, ಕಿವುಡು, ಶ್ರವಣದೋಷ, ಮಾತು ಮತ್ತು ಭಾಷೆಯ ತೊಂದರೆ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಆಟಿಸಂ, ಮಾನಸಿಕ ಅಸ್ವಸ್ಥತೆ, ಮಲ್ಟಿಪಲ್ ಸ್ಕ್ಲಿರೋಸಿಸ್ ಮತ್ತು ಪಾರ್ಕಿನ್ಸನ್‌ನಂಥ ದೀರ್ಘಕಾಲದ ನರರೋಗಗಳು, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಕೊನೆಗೆ ಬಹುವಿಧ ಅಂಗವೈಕಲ್ಯ.

ಇನ್ನು ಇಲ್ಲದವು. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡ ವೈಫಲ್ಯ, ಅಸ್ತಮಾ, ಕ್ಯಾನ್ಸರ್, ಥೈರಾಯ್ಡ್, ಲೂಪಸ್, ಫೈಬ್ರೊಮಯಾಲ್ಜಿಯಾ ಈ ಪಟ್ಟಿಯಲ್ಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಬಸ್ಸಿಳಿದು ನಡೆಯಲಾರದವರೂ ಆ ಒಂದೇ ಕಾರಣಕ್ಕೆ ಕಾಯ್ದೆಯ ಕಣ್ಣಿನಲ್ಲಿ ಅಂಗವಿಕಲರಲ್ಲ. ಇದು ಪಟ್ಟಿಯ ದೊಡ್ಡ ಕೊರತೆ. ಅದನ್ನು ಬೋರ್ಡಿನ ಮುಂದೆ ಕೂತ ವೈದ್ಯರ ಜೊತೆ ವಾದಿಸಿ ಫಲವಿಲ್ಲ, ತಿದ್ದುವ ಅಧಿಕಾರ ಅವರಿಗಿಲ್ಲ.

ಆದರೆ ಈ ಕಾಯಿಲೆಗಳು ಮಾಡುವ ಹಾನಿಗೆ ಪಟ್ಟಿಯಲ್ಲಿ ಬೇರೆ ಬಾಗಿಲುಗಳಿವೆ. ಮಧುಮೇಹದಿಂದ ಅಕ್ಷಿಪಟ ಕೆಟ್ಟರೆ ಅದು ದೃಷ್ಟಿಯ ಬಾಗಿಲಿನಿಂದ ಒಳಗೆ ಬರುತ್ತದೆ. ಬೆರಳು, ಪಾದ ತೆಗೆದಿದ್ದರೆ, ನರ ಸತ್ತು ಪಾದ ಎತ್ತಲಾಗದಿದ್ದರೆ ಚಲನವಲನದ ಬಾಗಿಲು. ರುಮಟಾಯ್ಡ್ ಸಂಧಿವಾತದ ಹೆಸರು ಪಟ್ಟಿಯಲ್ಲಿಲ್ಲ, ಆದರೆ ಮಡಚದ ಬೆರಳು, ನೇರವಾಗದ ಮೊಣಕೈ, ಅರ್ಧಕ್ಕೇ ನಿಲ್ಲುವ ಮಂಡಿಯನ್ನು ಡಿಗ್ರಿ ಲೆಕ್ಕದಲ್ಲಿ ಅಳೆಯುತ್ತಾರೆ. ಪಾರ್ಶ್ವವಾಯುವಿನಿಂದ ಕೈಕಾಲು ಹೋಗಿದ್ದರೆ ಅದೊಂದು, ಮಾತು ತೊದಲಿದರೆ ಅಥವಾ ಪದ ಸಿಗದೆ ಹೋದರೆ ಅದು ಇನ್ನೊಂದು. ಪಾರ್ಶ್ವವಾಯುವನ್ನು ಬಂದ ಮರುದಿನವೇ ಅಳೆಯುವುದಿಲ್ಲ, ಇಂಥ ತೊಂದರೆಗಳಿಗೆ ಆರು ತಿಂಗಳು ಕಾದು ನೋಡುತ್ತಾರೆ. ಸುಧಾರಿಸುವುದೆಲ್ಲ ಸುಧಾರಿಸಿದ ಮೇಲೆ ಉಳಿದದ್ದೇ ಲೆಕ್ಕ.

ವರ್ಷಗಟ್ಟಲೆ ನೋವಿನಲ್ಲಿ ಬದುಕಿದವರಿಗೆ ಬರುವ ಖಿನ್ನತೆಯನ್ನು ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ. ನಾಚಿಕೆಯಿಂದ ಬಿಡುತ್ತಾರೆ, ಇಲ್ಲವೇ "ಇಷ್ಟೆಲ್ಲ ಕಾಯಿಲೆ ಇದ್ದ ಮೇಲೆ ಬೇಜಾರಾಗದೆ ಇರುತ್ತದೆಯೇ" ಎಂದು ಬಿಡುತ್ತಾರೆ. ಮಾನಸಿಕ ಅಸ್ವಸ್ಥತೆಯನ್ನು ಅಳೆಯುವುದು ಐಡಿಯಾಸ್ ಎಂಬ ಭಾರತೀಯ ಮಾಪನದಿಂದ. ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರೊಂದಿಗಿನ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ವಿಷಯಕ್ಕೆ ತಲಾ 0ಯಿಂದ 4 ಅಂಕ. ಇವುಗಳ ಮೇಲೆ ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೆ ಮತ್ತೆ ಅಂಕ: 2 ವರ್ಷದೊಳಗೆ 1, 2ರಿಂದ 5 ವರ್ಷಕ್ಕೆ 2, 6ರಿಂದ 10 ವರ್ಷಕ್ಕೆ 3, 10 ವರ್ಷ ದಾಟಿದ್ದರೆ 4. ಒಟ್ಟು 20ರಲ್ಲಿ 7 ಬಂದರೆ ಸೌಲಭ್ಯಗಳಿಗೆ ಬೇಕಾದ ಶೇ 40ರ ಗೆರೆ ತಲುಪಿದಂತೆ. ಅಂದರೆ 9 ವರ್ಷದ ಹಿಂದೆ ಮನೋವೈದ್ಯರು ಬರೆದ ಮಸುಕಾದ ಒಪಿಡಿ ಚೀಟಿ 3 ಅಂಕಗಳ ಕಾಗದ. ಮನೆ ಬದಲಿಸುವಾಗ ಹಳೆಯ ಚೀಟಿಗಳನ್ನು ಬಿಸಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

30 ಮತ್ತು 20 ಕೂಡಿದರೆ 50 ಅಲ್ಲ

ಬಹುಪಾಲು ಸೌಲಭ್ಯಗಳಿಗೆ ಬೇಕಾದದ್ದು ಶೇ 40. ಕಾಯ್ದೆ ಇದನ್ನು ಬೆಂಚ್‌ಮಾರ್ಕ್ ಅಂಗವೈಕಲ್ಯ ಎನ್ನುತ್ತದೆ. ಹಲವು ಕಾಯಿಲೆ ಇರುವವರಲ್ಲಿ ಯಾವುದೇ ಒಂದು ತೊಂದರೆ ಈ ಗೆರೆ ಮುಟ್ಟದೆ, ಎಲ್ಲವೂ ಸೇರಿ ಮುಟ್ಟುವುದು ಸಾಮಾನ್ಯ. ಆದ್ದರಿಂದ ಕೂಡುವ ಲೆಕ್ಕ ಗೊತ್ತಿರಬೇಕು. ಬೋರ್ಡ್ ನೇರವಾಗಿ ಕೂಡುವುದಿಲ್ಲ. ಹೆಚ್ಚಿನ ಅಂಕವನ್ನು ಇಟ್ಟುಕೊಂಡು, 90ರಿಂದ ಅದನ್ನು ಕಳೆದು, ಉಳಿದದ್ದನ್ನು ಕಡಿಮೆ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ಹೆಚ್ಚಿನ ಅಂಕಕ್ಕೆ ಸೇರಿಸುತ್ತದೆ.

ಕಾಗದದ ಮೇಲೆ ಮಾಡಿ ನೋಡೋಣ. ಮೊದಲು ಹೇಳಿದ ಹೆಂಗಸಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಕೋಷ್ಟಕದಲ್ಲಿ ಶೇ 30. ಒಂದು ಪಾದದ ಎಲ್ಲ ಬೆರಳು ಹೋಗಿದ್ದರೆ ಶೇ 20. 90ರಲ್ಲಿ 30 ಕಳೆದರೆ 60. 60ನ್ನು 20ರಿಂದ ಗುಣಿಸಿದರೆ 1,200. 90ರಿಂದ ಭಾಗಿಸಿದರೆ 13.3. ಅದಕ್ಕೆ 30 ಸೇರಿಸಿದರೆ 43.3. ಎರಡರಲ್ಲಿ ಒಂದನ್ನೂ ನೆಚ್ಚಿಕೊಳ್ಳುವಂತಿರಲಿಲ್ಲ, ಎರಡೂ ಸೇರಿ ಗೆರೆ ದಾಟಿತು.

ಈಗ ಮೊದಲನೆಯದು 25, ಎರಡನೆಯದು 20 ಎಂದಿಟ್ಟುಕೊಳ್ಳಿ. ಬಾಯಿಲೆಕ್ಕದಲ್ಲಿ 45, ಬೋರ್ಡ್ ಲೆಕ್ಕದಲ್ಲಿ 39.4. ಗೆರೆಯ ಈಚೆಯೇ ನಿಂತುಬಿಟ್ಟಿತು. ಇಲ್ಲೇ ಮೂರನೆಯ, ಚಿಕ್ಕದೆಂದು ನೀವು ಹೇಳದೆ ಬಿಟ್ಟ ತೊಂದರೆಯೊಂದು ಇದೆ, ಅದಕ್ಕೆ 10 ಬರುತ್ತದೆ ಎನ್ನಿ. 39.4ರ ಜೊತೆ 10ನ್ನು ಅದೇ ಸೂತ್ರದಲ್ಲಿ ಸೇರಿಸಿದರೆ 45. ಬೆಳಿಗ್ಗೆಯಿಂದ ಕ್ಯೂ ನಿಂತು, ಮುಖ್ಯವಾದದ್ದನ್ನಷ್ಟೇ ಹೇಳೋಣ ಎಂದುಕೊಂಡು ಮೂರನೆಯದನ್ನು ನುಂಗಿಕೊಳ್ಳುವವರು ಆ 10ರ ಜೊತೆ ಇಡೀ ಪ್ರಮಾಣಪತ್ರವನ್ನೇ ಕಳೆದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಎಲ್ಲ ಕೊರತೆಗೂ ಅಂಕವಿರುವುದಿಲ್ಲ. ಕಾಯ್ದೆಯ ಪ್ರಕಾರ ಶ್ರವಣದೋಷವೆಂದರೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟ, ಕಿವುಡು ಎಂದರೆ ಎರಡರಲ್ಲೂ 70 ಡೆಸಿಬೆಲ್. ಒಂದೇ ಕಿವಿ ಹೋದವರು ಈ ವ್ಯಾಖ್ಯೆಯ ಹೊರಗೆ. ದೃಷ್ಟಿಯನ್ನು ಅಳೆಯುವುದು ಕನ್ನಡಕ ಹಾಕಿದ ಮೇಲೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದರೆ ಅಂಕ ಹೆಚ್ಚು ಸಿಗುವುದಿಲ್ಲ, ಇನ್ನೊಂದು ದಿನ ಬನ್ನಿ ಎಂಬ ಉತ್ತರ ಸಿಗುತ್ತದೆ. ಪೊರೆ ತೆಗೆಸಿದರೆ ಕಣ್ಣು ಬರುತ್ತದೆ ಎಂದಿದ್ದರೆ ಮೊದಲು ಆಪರೇಷನ್ ಮಾಡಿಸಿಕೊಂಡು ಬನ್ನಿ ಎನ್ನುವುದೂ ಸಹಜ.

ಬೋರ್ಡಿನ ಕೋಣೆಯಲ್ಲಿ

ಕಾಲನ್ನು ಎರಡು ಭಾಗವಾಗಿ ನೋಡುತ್ತಾರೆ: ಕೀಲು, ಸ್ನಾಯುಗಳ ಚಲನೆ ಒಂದು, ದೇಹದ ಸ್ಥಿರತೆ ಇನ್ನೊಂದು. ಸ್ಥಿರತೆಗೆ ಒಂಬತ್ತು ಕೆಲಸ ಮಾಡಿಸುತ್ತಾರೆ, ಒಂದೊಂದಕ್ಕೆ 10ರಂತೆ 90. ಸಮನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ತೊಂದರೆ ಇರುವ ಕಾಲೊಂದರ ಮೇಲೆ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಕೈಗೆ ಹತ್ತು ಕೆಲಸ, ಒಂದೊಂದಕ್ಕೆ 9ರಂತೆ ಮತ್ತೆ 90: ತಲೆಯ ಮೇಲಿನ ಎತ್ತರದಿಂದ ವಸ್ತು ತೆಗೆದಿಡುವುದು, ಮೂಗು ಮುಟ್ಟುವುದು, ಕೈಯಲ್ಲಿ ಕಲಸಿ ಉಣ್ಣುವುದು, ತಲೆ ಬಾಚುವುದು, ಅಂಗಿ ಹಾಕಿಕೊಳ್ಳುವುದು, ಶೌಚದ ನಂತರ ತೊಳೆದುಕೊಳ್ಳುವುದು, ಲೋಟದಿಂದ ನೀರು ಕುಡಿಯುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಪೆನ್ನು ಹಿಡಿದು ಬರೆಯುವುದು.

ಈ ಪಟ್ಟಿಯನ್ನು ಮನೆಯಲ್ಲಿ ಮೊದಲೇ ಒಮ್ಮೆ ಮಾಡಿ ನೋಡಿ. ಅಭಿನಯ ಕಲಿಯಲು ಅಲ್ಲ, ಎಷ್ಟೋ ದಿನದಿಂದ ಬಿಟ್ಟೇಬಿಟ್ಟಿರುವ ಕೆಲಸಗಳು ಯಾವುವು ಎಂದು ತಿಳಿಯಲು. ಮನುಷ್ಯ ಬಹಳ ಬೇಗ ಹೊಂದಿಕೊಳ್ಳುತ್ತಾನೆ. ಗುಂಡಿಯ ಅಂಗಿ ಬಿಟ್ಟು ಟೀಶರ್ಟ್ ಹಾಕಲು ಶುರು ಮಾಡಿ ನಾಲ್ಕು ವರ್ಷವಾಗಿರುತ್ತದೆ, ಗುಂಡಿ ಹಾಕಲಾಗದೆ ಹಾಗೆ ಮಾಡಿದ್ದು ಎಂಬುದು ಮರೆತೇ ಹೋಗಿರುತ್ತದೆ. ನೆಲದ ಮೇಲೆ ಕೂತು ಊಟ ಮಾಡುವುದನ್ನು ಬಿಟ್ಟವರು "ನಮ್ಮನೇಲಿ ಎಲ್ಲರೂ ಟೇಬಲ್ ಮೇಲೇ ಊಟ ಮಾಡೋದು" ಎನ್ನುತ್ತಾರೆ. ಬೋರ್ಡಿನಲ್ಲಿ "ಮೆಟ್ಟಿಲು ಹತ್ತುತ್ತೀರಾ?" ಎಂದು ಕೇಳಿದರೆ "ಹೂಂ, ಹತ್ತುತ್ತೇನೆ" ಎಂಬುದು ಪೂರ್ತಿ ಉತ್ತರವಲ್ಲ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಎಂಟನೆಯದರ ಹತ್ತಿರ ನಿಂತು ಉಸಿರು ತೆಗೆದುಕೊಂಡು ಹತ್ತುತ್ತೀರಾದರೆ ಹಾಗೆಯೇ ಹೇಳಿ. ಬೇರೆಯವರ ಮುಂದೆ ಗಟ್ಟಿಯಾಗಿ ತೋರಿಸಿಕೊಳ್ಳುವುದು ನಮ್ಮ ಮರ್ಯಾದೆಯ ಭಾಗ. ಆ ಮರ್ಯಾದೆಯನ್ನು ಅರ್ಧ ಗಂಟೆ ಬಾಗಿಲ ಹೊರಗೆ ಬಿಟ್ಟು ಬನ್ನಿ.

ಹಾಗೆಂದು ಇಲ್ಲದ್ದನ್ನು ಸೇರಿಸಬೇಡಿ. ಸ್ನಾಯುಬಲವನ್ನು 0ಯಿಂದ 5ರವರೆಗೆ ಅಳೆಯುತ್ತಾರೆ. 3 ಎಂದರೆ ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಬಲ್ಲಿರಿ, ಆದರೆ ವೈದ್ಯರು ಕೈಯೊತ್ತಿ ತಡೆದರೆ ಸೋಲುತ್ತೀರಿ. 4 ಎಂದರೆ ಸ್ವಲ್ಪ ಮಟ್ಟಿಗೆ ತಡೆಯನ್ನೂ ಎದುರಿಸಬಲ್ಲಿರಿ. ಬೇಕೆಂದೇ ಬಲ ಬಿಡುವವರ ಸ್ನಾಯು ಬಿಟ್ಟು ಬಿಟ್ಟು ಜಾರುತ್ತದೆ, ನಿಜವಾಗಿ ಬಲ ಕುಂದಿದ ಸ್ನಾಯು ಹಾಗೆ ಮಾಡುವುದಿಲ್ಲ. ದಿನಾ ನೋಡುವ ಕೈಗೆ ಆ ವ್ಯತ್ಯಾಸ ತಿಳಿಯುತ್ತದೆ. ಒಂದು ಕಡೆ ಸುಳ್ಳು ಸಿಕ್ಕಿದರೆ ನಿಜವಾದ ಮೂರು ತೊಂದರೆಗಳ ಮೇಲೂ ಅನುಮಾನ ಬೀಳುತ್ತದೆ. ಮೋಸದಿಂದ ಸೌಲಭ್ಯ ಪಡೆದರೆ ಕಾಯ್ದೆಯ ಕಲಂ 91ರಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನೋವಿಗೆ ಅಂಕವೇ ಇಲ್ಲವೇ ಎಂದು ಕೇಳುವವರಿದ್ದಾರೆ. ನೋವೊಂದನ್ನೇ ಹಿಡಿದು ಪ್ರಮಾಣಪತ್ರ ಕೊಡುವುದಿಲ್ಲ. ಕೈಕಾಲಿನ ಮೌಲ್ಯಮಾಪನದಲ್ಲಿ ನೋವು, ವಕ್ರತೆ, ಸ್ಪರ್ಶ ತಿಳಿಯದಿರುವುದು ಇವಕ್ಕೆ ಒಂದಿಷ್ಟು ಹೆಚ್ಚುವರಿ ಅಂಕ ಸೇರಿಸಲು ಅವಕಾಶವಿದೆ. ಮಧುಮೇಹದವರ ಪಾದಕ್ಕೆ ಇದು ಮುಖ್ಯ, ಏಕೆಂದರೆ ಸ್ಪರ್ಶ ಸತ್ತಿರುವುದು ಹೊರಗೆ ಕಾಣುವುದಿಲ್ಲ. ಕೇಳಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಫೈಲು

ದಪ್ಪ ಫೈಲು ಬಲವಾದ ಫೈಲಲ್ಲ. ಹಲವು ವಿಭಾಗದ ವೈದ್ಯರಿಗೆ ತೋರಿಸುವವರ ಚೀಲದಲ್ಲಿ ಶುಗರ್ ರಿಪೋರ್ಟುಗಳೇ ನಲವತ್ತು ಇರುತ್ತವೆ, ಆದರೆ ಕಾಲಿನ ಬಲ ಎಷ್ಟಿದೆ ಎಂದು ಬರೆದ ಒಂದು ಸಾಲೂ ಇರುವುದಿಲ್ಲ. ಪ್ರತಿ ತಜ್ಞರೂ ತಮ್ಮ ಅಂಗವನ್ನಷ್ಟೇ ನೋಡುತ್ತಾರೆ. ಒಟ್ಟು ಮನುಷ್ಯನ ಬಗ್ಗೆ ಬರೆಯುವುದು ಯಾರ ಕೆಲಸವೂ ಆಗಿರುವುದಿಲ್ಲ. ಅದನ್ನು ನೀವೇ ಮಾಡಿಸಬೇಕು.

ನಿಮ್ಮನ್ನು ನೋಡುವ ಒಬ್ಬೊಬ್ಬ ತಜ್ಞರಿಂದಲೂ ಒಂದೊಂದು ಪತ್ರ ಕೇಳಿ. ಸುಮ್ಮನೆ "ಸರ್ಟಿಫಿಕೇಟ್ ಬೇಕು, ಒಂದು ಲೆಟರ್ ಕೊಡಿ" ಎಂದರೆ ಬರುವುದು ಇಷ್ಟೇ: "ಇವರಿಗೆ 18 ವರ್ಷದಿಂದ ಮಧುಮೇಹವಿದ್ದು ಚಿಕಿತ್ಸೆ ಪಡೆಯುತ್ತಿದ್ದಾರೆ." ಇದರಿಂದ ಬೋರ್ಡಿಗೆ ಏನೂ ಸಿಗುವುದಿಲ್ಲ. ಬೇಕಾದ ಪತ್ರ ಹೀಗಿರುತ್ತದೆ: "ಎರಡೂ ಪಾದಗಳಲ್ಲಿ 10 ಗ್ರಾಂ ಮೊನೊಫಿಲಮೆಂಟ್ (ಪರೀಕ್ಷೆಯ ನೈಲಾನ್ ಎಳೆ) ಸ್ಪರ್ಶ ತಿಳಿಯುವುದಿಲ್ಲ. ಬಲ ಪಾದ ಮೇಲೆತ್ತುವ ಬಲ 3/5. ಕಣ್ಣು ಮುಚ್ಚಿ ನಿಂತರೆ ಓಲಾಡುತ್ತಾರೆ. ನರ್ವ್ ಕಂಡಕ್ಷನ್ ವರದಿ ಲಗತ್ತಿಸಿದೆ. ಎರಡು ವರ್ಷದಿಂದ ಇದೇ ಸ್ಥಿತಿ, ಸುಧಾರಣೆಯ ಸಾಧ್ಯತೆ ಕಡಿಮೆ." ಕೊನೆಯ ವಾಕ್ಯದ ಬೆಲೆ ಬಹಳ. ಬದಲಾಗುವ ಸಾಧ್ಯತೆಯಿಲ್ಲದ ಅಂಗವೈಕಲ್ಯಕ್ಕೆ ಶಾಶ್ವತ ಪ್ರಮಾಣಪತ್ರ, ಬದಲಾಗಬಹುದಾದದ್ದಕ್ಕೆ ಅವಧಿ ನಮೂದಿಸಿದ ಪ್ರಮಾಣಪತ್ರ. ಪತ್ರದಲ್ಲಿ ಏನೂ ಬರೆದಿಲ್ಲದಿದ್ದರೆ ಬೋರ್ಡ್ ತಾತ್ಕಾಲಿಕ ಕೊಟ್ಟು ಕಳಿಸುವುದೇ ಹೆಚ್ಚು.

ಪರೀಕ್ಷೆಗಳನ್ನು ಬೋರ್ಡ್ ಹೇಳುವ ಮೊದಲೇ ಮಾಡಿಸಿಟ್ಟುಕೊಂಡರೆ ಒಂದು ಓಡಾಟ ಉಳಿಯುತ್ತದೆ. ಕಿವಿಗೆ ಪ್ಯೂರ್ ಟೋನ್ ಆಡಿಯೊಮೆಟ್ರಿ, ಕಣ್ಣಿಗೆ ಕನ್ನಡಕದೊಂದಿಗಿನ ದೃಷ್ಟಿ ಪ್ರಮಾಣ ಮತ್ತು ಅಕ್ಷಿಪಟ ಕೆಟ್ಟಿದ್ದರೆ ಫೀಲ್ಡ್ ಪರೀಕ್ಷೆ, ಕೀಲುಗಳಿಗೆ ಇತ್ತೀಚಿನ ಎಕ್ಸ್‌ರೇ. ಫೀಲ್ಡ್ ಪರೀಕ್ಷೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಎದುರಿನ ಅಕ್ಷರ ಓದುತ್ತಾರೆ, ಆದರೆ ಪಕ್ಕದಿಂದ ಬರುವ ಸ್ಕೂಟರ್ ಕಾಣುವುದಿಲ್ಲ. ದೃಷ್ಟಿಯ ವಿಸ್ತಾರ 40 ಡಿಗ್ರಿಗಿಂತ ಕಡಿಮೆಯಿದ್ದರೆ ಅದೂ ಮಂದದೃಷ್ಟಿಯ ವ್ಯಾಖ್ಯೆಯೊಳಗೆ ಬರುತ್ತದೆ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ.

ಎಲ್ಲದರ ಮೇಲೆ ಒಂದೇ ಒಂದು ಹಾಳೆ ಇಡಿ, ನೀವೇ ಬರೆದದ್ದು. ಎಡಗಡೆ ಅಂಗ, ಮಧ್ಯದಲ್ಲಿ ಏನು ಆಗುವುದಿಲ್ಲ, ಬಲಗಡೆ ಯಾವಾಗಿನಿಂದ ಮತ್ತು ಫೈಲಿನ ಎಷ್ಟನೆಯ ಪುಟದಲ್ಲಿ ಅದರ ಕಾಗದವಿದೆ. ಕಾಯಿಲೆಗಳ ಹೆಸರು ಹಾಳೆಯ ತಳದಲ್ಲಿ ಒಂದೇ ಸಾಲು. ಐದು ನಿಮಿಷದಲ್ಲಿ ಐವತ್ತು ಪುಟ ಓದಲು ಯಾರಿಂದಲೂ ಆಗದು, ಆ ಒಂದು ಹಾಳೆಯನ್ನು ಎಲ್ಲರೂ ಓದುತ್ತಾರೆ.

ಇವತ್ತು ಎದ್ದು ಓಡಾಡಿ ನಾಳೆ ಹಾಸಿಗೆ ಹಿಡಿಯುವಂಥ ಕಾಯಿಲೆ ಇರುವವರಿಗೆ ಇನ್ನೊಂದು ಕಾಗದ ಬೇಕು: ಎರಡು ತಿಂಗಳ ದಿನಚರಿ. ದಿನಕ್ಕೆ ಒಂದೇ ಸಾಲು ಸಾಕು. ಎದ್ದದ್ದು ಎಷ್ಟಕ್ಕೆ, ಸ್ನಾನಕ್ಕೆ ಯಾರ ಸಹಾಯ ಬೇಕಾಯಿತು, ಎಷ್ಟು ದೂರ ನಡೆದದ್ದು, ಬಿದ್ದದ್ದಿದ್ದರೆ ಎಲ್ಲಿ. ಬೋರ್ಡ್ ಇದಕ್ಕೆ ಅಂಕ ಕೊಡಬೇಕೆಂದಿಲ್ಲ. ಆದರೆ ಇದನ್ನು ನಿಮ್ಮ ತಜ್ಞರಿಗೆ ತೋರಿಸಿದರೆ ಅವರ ಪತ್ರ ಬದಲಾಗುತ್ತದೆ, ಆ ಪತ್ರ ಬೋರ್ಡಿನಲ್ಲಿ ಕೆಲಸ ಮಾಡುತ್ತದೆ.

ಅರ್ಜಿ

ಇದು ಚಿಕ್ಕ ಭಾಗ. 2021ರ ಜೂನ್ 1ರಿಂದ ಪ್ರಮಾಣಪತ್ರ ಕೊಡುವುದು ಸ್ವಾವಲಂಬನ್ ಪೋರ್ಟಲಿನ ಮೂಲಕ ಮಾತ್ರ, ನಾವೆಲ್ಲ ಯುಡಿಐಡಿ ಎನ್ನುವ ಅಂಗವಿಕಲರ ಗುರುತಿನ ಕಾರ್ಡ್ ಬರುವುದೂ ಅಲ್ಲಿಂದಲೇ. ಫೋಟೊ, ಆಧಾರ್, ವಿಳಾಸದ ದಾಖಲೆ, ವೈದ್ಯಕೀಯ ಕಾಗದಗಳು ಬೇಕು. ಸ್ವತಃ ಆಗದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅದು ಅವರ ಕೆಲಸ, ಉಪಕಾರವಲ್ಲ.

ತಪ್ಪುವುದು ಮೂರು ಕಡೆ. ಮೊದಲನೆಯದು ಹೆಸರು: ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ರೇಷನ್ ಕಾರ್ಡಿನಲ್ಲಿ ಮುಂದೆ, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿದೆ. ಇದನ್ನು ಮೊದಲೇ ಸರಿಮಾಡಿಸದಿದ್ದರೆ ಮುಂದೆ ಮಾಸಾಶನದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎರಡನೆಯದು ಅಂಗವೈಕಲ್ಯದ ಬಗೆ ಆರಿಸುವ ಜಾಗ. ಹಲವು ತೊಂದರೆ ಇರುವವರು ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಆಮೇಲೆ ಬೋರ್ಡಿನಲ್ಲಿ ಆ ಒಂದು ವಿಭಾಗದ ವೈದ್ಯರು ಮಾತ್ರ ನೋಡಿ ಕಳಿಸುತ್ತಾರೆ, ಉಳಿದದ್ದು ಯಾರ ಮೇಜಿಗೂ ಹೋಗುವುದಿಲ್ಲ. ಇರುವುದೆಲ್ಲವನ್ನೂ ಆರಿಸಿ. ಮೂರನೆಯದು ಆಸ್ಪತ್ರೆ. ನೀವು ವಾಸವಿರುವ ಜಿಲ್ಲೆಯ ಅಧಿಕೃತ ಆಸ್ಪತ್ರೆಯನ್ನು ಆರಿಸಬಹುದು, ಚಿಕಿತ್ಸೆ ಪಡೆಯುತ್ತಿರುವ ಅಥವಾ ಪಡೆದ ಸರ್ಕಾರಿ ಆಸ್ಪತ್ರೆಯನ್ನೂ ಆರಿಸಬಹುದು. ಎಲ್ಲ ತಜ್ಞರೂ ಒಂದೇ ಸೂರಿನಡಿ ಇರುವ ಕಡೆ ಹೋದರೆ ಬಹುವಿಧದವರಿಗೆ ಓಡಾಟ ಅರ್ಧ ಕಡಿಮೆ. ಖಾಸಗಿ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ "ಶೇ 60 ಅಂಗವಿಕಲ" ಎಂದು ಬರೆಸಿಕೊಂಡು ಬರುವವರಿದ್ದಾರೆ. ಅದು ಪುರಾವೆಯ ಕಾಗದವಾಗಬಹುದು, ಪ್ರಮಾಣಪತ್ರ ಆಗುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿದ ಮೇಲೆ ಪ್ರಮಾಣಪತ್ರ ಕೊಡುವ ಗಡುವು ಒಂದು ತಿಂಗಳಿಂದ ಮೂರು ತಿಂಗಳಾಗಿದೆ. ಕಾರ್ಡಿನ ಬಣ್ಣ ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಕಾರ್ಡ್ ದೇಶದೆಲ್ಲೆಡೆ ಸಲ್ಲುತ್ತದೆ.

ಇಲ್ಲ ಎಂದರೆ

ಬಾಯಿಮಾತಿನ "ಬರಲ್ಲ"ವನ್ನು ಒಪ್ಪಿಕೊಂಡು ಮನೆಗೆ ಹೋಗಬೇಡಿ. ಅರ್ಹರಲ್ಲ ಎಂದಾದರೆ ಅದನ್ನು ಬರಹದಲ್ಲಿ ತಿಳಿಸಬೇಕೆಂದು ಕಾಯ್ದೆಯ ಕಲಂ 58 ಹೇಳುತ್ತದೆ, ಕಾರಣ ಕೊಡಬೇಕೆಂದು ನಿಯಮ ಹೇಳುತ್ತದೆ. ಬರಹವಿಲ್ಲದೆ ಮೇಲ್ಮನವಿ ಹೋಗುವುದಿಲ್ಲ. ಕಲಂ 59ರ ಅಡಿ ರಾಜ್ಯ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಎಲ್ಲಿ ಸಲ್ಲಿಸಬೇಕೆಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ. ಮೌಲ್ಯಮಾಪನ ಹಾಳೆಯ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಅದರಲ್ಲಿ ಯಾವ ಅಂಗಕ್ಕೆ ಎಷ್ಟು ಕೊಟ್ಟರು, ಯಾವುದನ್ನು ನೋಡಲೇ ಇಲ್ಲ ಎಂಬುದು ಕಾಣುತ್ತದೆ.

ಮೇಲ್ಮನವಿಯಲ್ಲಿ ಬಡತನ, ಮಕ್ಕಳ ಓದು, ಸಾಲ ಇವನ್ನು ಬರೆಯುವವರೇ ಹೆಚ್ಚು. ಅವೆಲ್ಲ ನಿಜವೇ, ಆದರೆ ಶೇಕಡಾವಾರು ಬದಲಾಯಿಸುವುದಿಲ್ಲ. "ಎಡಗಣ್ಣಿನ ದೃಷ್ಟಿ ಅಳೆದಿಲ್ಲ, ವರದಿ ಪುಟ 7ರಲ್ಲಿದೆ", "ಎರಡು ಬಗೆಯ ಅಂಗವೈಕಲ್ಯಗಳನ್ನು ಸೂತ್ರದ ಪ್ರಕಾರ ಸೇರಿಸಿಲ್ಲ" ಎಂಬಂಥ ಎರಡು ವಾಕ್ಯ ಬದಲಾಯಿಸಬಹುದು.

ಕಾರ್ಡ್ ಬಂದ ಮೇಲೆ

ಕಾರ್ಡ್ ಬಂದರೆ ಹಣ ತಾನಾಗಿ ಬರುವುದಿಲ್ಲ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ: ಯುಡಿಐಡಿ, ಆಧಾರ್, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಅಥವಾ ಅಂಚೆ ಖಾತೆ. ಕಂದಾಯ ಇಲಾಖೆಯವರು ಪರಿಶೀಲಿಸಿ, ತಹಶೀಲ್ದಾರರು ಮಂಜೂರು ಮಾಡುತ್ತಾರೆ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿ ಬಡತನ ರೇಖೆಯ ಕೆಳಗಿನ, ಶೇ 80 ಮತ್ತು ಮೇಲ್ಪಟ್ಟ ಅಂಗವೈಕಲ್ಯ ಇರುವವರಿಗೆ. ಕೇಂದ್ರದ ಪಾಲು 18ರಿಂದ 79 ವಯಸ್ಸಿನವರೆಗೆ ತಿಂಗಳಿಗೆ 300 ರೂಪಾಯಿ, ನಂತರ 500. ರಾಜ್ಯದ ಮಾಸಾಶನ ಶೇ 40ರಿಂದಲೇ ಶುರುವಾಗುತ್ತದೆ, ಶೇಕಡಾವಾರು ಹೆಚ್ಚಿದಂತೆ ಮೊತ್ತವೂ ಹೆಚ್ಚು. ವಿಧವಾ ವೇತನವೋ ವೃದ್ಧಾಪ್ಯ ವೇತನವೋ ಈಗಾಗಲೇ ಬರುತ್ತಿದ್ದರೆ ಎರಡೂ ಸಿಗುವುದಿಲ್ಲ. ಯಾವುದು ಹೆಚ್ಚು ಎಂದು ನೋಡಿ ಒಂದನ್ನು ಉಳಿಸಿಕೊಳ್ಳಿ. ಹಣ ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. "ಮಂಜೂರಾಗಿದೆ, ಬಂದಿಲ್ಲ" ಎನ್ನುವವರು ಮೊದಲು ಮರೆತುಹೋದ ಹಳೆಯ ಖಾತೆಯನ್ನು ನೋಡಲಿ.

ಸಂಬಳದವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಯು ಕಲಂನಲ್ಲಿದ್ದ ಕಡಿತ ಶೇ 40ರಿಂದ 75,000 ರೂಪಾಯಿ, ಶೇ 80ರಿಂದ 1,25,000 ರೂಪಾಯಿ, ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5. ಇಲ್ಲೊಂದು ವಿಚಿತ್ರವಿದೆ: ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ 21ರ ಪಟ್ಟಿಯಲ್ಲಿದ್ದರೂ ಉದ್ಯೋಗ ಮೀಸಲಾತಿಯ ಕಲಂ 34ರಲ್ಲಿ ಅವುಗಳ ಹೆಸರಿಲ್ಲ.

ಪಟ್ಟಿಯ ಹೊರಗಿನ ಕಾಯಿಲೆಯವರಿಗೂ ಕೆಲವು ದಾರಿಗಳಿವೆ, ಅವಕ್ಕೆ ಈ ಕಾರ್ಡ್ ಬೇಕಿಲ್ಲ. ಡಯಾಲಿಸಿಸ್, ಕ್ಯಾನ್ಸರ್, ಹೃದಯ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ರೈಲ್ವೆಯಲ್ಲಿ ರೋಗಿಗಳ ರಿಯಾಯಿತಿ ಬೇರೆಯೇ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಬರೆಸಿಕೊಳ್ಳಬೇಕು. ಇಎಸ್‌ಐ ಇರುವ ಕಾರ್ಮಿಕರಿಗೆ ವರ್ಷಕ್ಕೆ 91 ದಿನದ ಕಾಯಿಲೆ ಭತ್ಯೆ ಕೂಲಿಯ ಶೇ 70ರ ದರದಲ್ಲಿ. ಅದು ಮುಗಿದ ಮೇಲೆ 34 ದೀರ್ಘಕಾಲದ ಕಾಯಿಲೆಗಳಿಗೆ ಶೇ 80ರ ದರದಲ್ಲಿ ಎರಡು ವರ್ಷದವರೆಗೆ ವಿಸ್ತರಿಸುವ ಅವಕಾಶವಿದೆ. ರಜೆ ಮುಗಿಯಿತೆಂದು ರಾಜೀನಾಮೆ ಬರೆದುಕೊಡುವ ಮೊದಲು ಇದನ್ನು ಕೇಳಿ. ಕೆಲಸ ಬಿಟ್ಟ ಮೇಲೆ ಈ ಬಾಗಿಲು ಮುಚ್ಚುತ್ತದೆ.

ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆ

*ಶೇ 40 ಬರಲಿಲ್ಲ, ಬಿಳಿ ಕಾರ್ಡ್ ಬಂತು. ಇಟ್ಟುಕೊಂಡು ಏನು ಮಾಡುವುದು?*

ಇಟ್ಟುಕೊಳ್ಳಿ. ಮಾಸಾಶನ, ಮೀಸಲಾತಿಗೆ ಅದು ಸಾಲದು. ಆದರೆ ಬೋರ್ಡ್ ನಿಮ್ಮ ಅಂಗವೈಕಲ್ಯವನ್ನು ಇಂಥ ದಿನ ಇಷ್ಟು ಎಂದು ಒಪ್ಪಿಕೊಂಡ ದಾಖಲೆ ಅದು. ದೀರ್ಘಕಾಲದ ಕಾಯಿಲೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಮುಂದೆ ಇನ್ನೊಂದು ಬೆರಳು ಹೋದರೆ, ಇನ್ನೊಂದು ಕಣ್ಣು ಮಂಜಾದರೆ, ಹೊಸ ವರದಿಯೊಂದಿಗೆ ಮರುಮೌಲ್ಯಮಾಪನಕ್ಕೆ ಹೋಗುವಾಗ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ.

*ಎರಡು ವರ್ಷಕ್ಕೆಂದು ತಾತ್ಕಾಲಿಕ ಕೊಟ್ಟಿದ್ದಾರೆ. ಮುಗಿದ ಮೇಲೆ ಹೋದರೆ ಆಗುವುದಿಲ್ಲವೇ?*

ಆಗುತ್ತದೆ, ಆದರೆ ನಡುವೆ ಮಾಸಾಶನ, ಬಸ್ ಪಾಸ್ ನಿಲ್ಲಬಹುದು. ಪ್ರಮಾಣಪತ್ರಕ್ಕೇ ಮೂರು ತಿಂಗಳ ಗಡುವಿರುವಾಗ ಅವಧಿ ಮುಗಿಯುವ ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿ. ಹೋಗುವ ಮುನ್ನ ತಜ್ಞರಿಂದ ಹೊಸ ಪತ್ರ ತೆಗೆದುಕೊಳ್ಳಿ, ಹಳೆಯ ಪತ್ರದ ಜೆರಾಕ್ಸ್ ಬೇಡ. ಅದರಲ್ಲಿ ಹಿಂದಿನ ಸಲದ ಅಳತೆ ಮತ್ತು ಈ ಸಲದ ಅಳತೆ ಪಕ್ಕಪಕ್ಕದಲ್ಲಿರಲಿ. ಎರಡು ವರ್ಷ ಚಿಕಿತ್ಸೆ ಪಡೆದರೂ ಪಾದ ಎತ್ತುವ ಬಲ 3ರಲ್ಲೇ ನಿಂತಿದೆ ಎಂದು ಅಲ್ಲಿ ಕಂಡರೆ, ಶಾಶ್ವತ ಪ್ರಮಾಣಪತ್ರ ಕೇಳಲು ನಿಮಗೆ ಆಧಾರವಿದೆ.